ಬೆಳಕು ಹಿಡಿಯಲು ಯಾವುದು ತರುವುದು? ಎಲ್‌ಡಿಆರ್, ಫೋಟೋಡಯೋಡ್, ಫೋಟೋಟ್ರಾನ್ಸಿಸ್ಟರ್ ಮತ್ತು ಅವುಗಳಾಚೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾಂಪೊನೆಂಟ್ ಅಂಗಡಿಗೆ ಹೋಗಿ ‘ಲೈಟ್ ಸೆನ್ಸರ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಎಲ್‌ಡಿಆರ್, ಅಂದರೆ ಬೆಳಕು ಬಿದ್ದಷ್ಟೂ ರೋಧ ಇಳಿಯುವ ರೆಸಿಸ್ಟರ್. ಟಿವಿ ರಿಮೋಟಿನ ಸಿಗ್ನಲ್ ಹಿಡಿಯಬೇಕೆಂದು ಹೊರಟವರಿಗೂ ಅದೇ, ಬೆರಳ ತುದಿಯಲ್ಲಿ ನಾಡಿ ನೋಡಬೇಕೆಂದಿದ್ದವರಿಗೂ ಅದೇ. ಅಂಗಡಿಯವರ ತಪ್ಪೇನಿಲ್ಲ, ನಾವು ಕೇಳಿದ್ದೇ ಅಷ್ಟು. ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ‘ಸರ್ಕ್ಯೂಟ್ ಸರಿಯಿದೆ, ಆದರೆ ಏನೂ ಬರುತ್ತಿಲ್ಲ’ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಸರ್ಕ್ಯೂಟನ್ನಲ್ಲ, ಸೆನ್ಸರನ್ನು.

ಆಯ್ಕೆಗೆ ಕೂತಾಗ ಎಲ್ಲರೂ ಮೊದಲು ಕೇಳುವುದು ‘ಯಾವುದು ಹೆಚ್ಚು ಸೆನ್ಸಿಟಿವ್’ ಎಂದು. ಅದನ್ನು ಮೂರನೆಯದಾಗಿ ಕೇಳಿ. ಮೊದಲು ನಿಮ್ಮ ಬೆಳಕಿನ ತರಂಗಾಂತರ ಎಷ್ಟು ಎಂದು ಗೊತ್ತಿರಲಿ. ಆಮೇಲೆ ಆ ಬೆಳಕು ಎಷ್ಟು ಬೇಗ ಬದಲಾಗುತ್ತದೆ ಎಂದು. ಇವೆರಡು ಗೊತ್ತಾದರೆ ಪಟ್ಟಿಯ ಅರ್ಧದಷ್ಟು ಸಾಲುಗಳು ತಾವಾಗಿಯೇ ಅಳಿಸಿಹೋಗುತ್ತವೆ.

ತರಂಗಾಂತರ ಹೊಂದದಿದ್ದರೆ ಮುಂದಿನ ಮಾತಿಲ್ಲ

ಅರೆವಾಹಕದೊಳಗೆ ಎಲೆಕ್ಟ್ರಾನ್ ಬಿಡುಗಡೆಯಾಗಬೇಕಾದರೆ ಒಳಬರುವ ಫೋಟಾನಿನ ಶಕ್ತಿ ಆ ವಸ್ತುವಿನ ಬ್ಯಾಂಡ್ ಗ್ಯಾಪ್‌ಗಿಂತ, ಅಂದರೆ ಎಲೆಕ್ಟ್ರಾನ್ ಬಿಡಿಸಲು ಬೇಕಾದ ಕನಿಷ್ಠ ಶಕ್ತಿಗಿಂತ, ಹೆಚ್ಚಿರಬೇಕು. ಲೆಕ್ಕ ಬಾಯಲ್ಲೇ ಮಾಡಬಹುದು. 1240ನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿರುವ ಬ್ಯಾಂಡ್ ಗ್ಯಾಪ್‌ನಿಂದ ಭಾಗಿಸಿ. ಬರುವುದು ಆ ವಸ್ತು ಗುರುತಿಸಬಲ್ಲ ಅತಿ ಉದ್ದದ ತರಂಗಾಂತರ, ನ್ಯಾನೊಮೀಟರಿನಲ್ಲಿ. ಎಲ್‌ಡಿಆರ್‌ನಲ್ಲಿರುವ ಕ್ಯಾಡ್ಮಿಯಂ ಸಲ್ಫೈಡಿನ ಬ್ಯಾಂಡ್ ಗ್ಯಾಪ್ 2.42, ಹಾಗಾಗಿ ಮಿತಿ ಸುಮಾರು 512 ನ್ಯಾನೊಮೀಟರ್. ತಾಮ್ರದಂಥ ಬೇರೆ ಧಾತು ಬೆರೆಸಿರುವುದರಿಂದ ಅಂಗಡಿಯಲ್ಲಿ ಸಿಗುವ ಎಲ್‌ಡಿಆರ್‌ನ ಸ್ಪಂದನೆ 540ರ ಹತ್ತಿರ ತುದಿ ಮುಟ್ಟಿ, ಕೆಂಪಿನ ಕಡೆಗೂ ಸ್ವಲ್ಪ ಚಾಚಿಕೊಂಡಿರುತ್ತದೆ. ಸಿಲಿಕಾನಿಗೆ 1.12, ಮಿತಿ ಸುಮಾರು 1107. ಇಂಡಿಯಂ ಗ್ಯಾಲಿಯಂ ಆರ್ಸೆನೈಡಿಗೆ 0.75, ಮಿತಿ ಸುಮಾರು 1650.

ಈಗ ಟಿವಿ ರಿಮೋಟ್ ತೆಗೆದುಕೊಳ್ಳಿ. ಅದರ ಎಲ್‌ಇಡಿ ಬಿಡುವುದು 940 ನ್ಯಾನೊಮೀಟರಿನ ಇನ್‌ಫ್ರಾರೆಡ್, ಒಂದೊಂದು ಫೋಟಾನಿನ ಶಕ್ತಿ 1.32 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನಿಗೆ ಇದು ಧಾರಾಳ, ಕ್ಯಾಡ್ಮಿಯಂ ಸಲ್ಫೈಡಿಗೆ ಏನೇನೂ ಸಾಲದು. ರಿಮೋಟನ್ನು ಎಲ್‌ಡಿಆರ್‌ಗೆ ಒತ್ತಿ ಹಿಡಿದರೂ ಮೀಟರಿನ ಮುಳ್ಳು ಅಲ್ಲಾಡದಿರುವುದಕ್ಕೆ ಕಾರಣ ಇಷ್ಟೆ. ಕಡಿಮೆ ಶಕ್ತಿಯ ಫೋಟಾನ್ ಎಷ್ಟು ಸುರಿದರೂ ಪ್ರಯೋಜನವಿಲ್ಲ, ಆಂಪ್ಲಿಫೈಯರ್ ದೊಡ್ಡದು ಹಾಕಿದರೂ ಇಲ್ಲ.

ಇದೇ ಕಥೆ ಸಿಲಿಕಾನಿಗೂ ಒಂದು ಕಡೆ ಎದುರಾಗುತ್ತದೆ. ಮನೆಗೆ ಬರುವ ಫೈಬರ್ ಇಂಟರ್‌ನೆಟ್ಟಿನಲ್ಲಿ ಸಾಮಾನ್ಯವಾಗಿ ನಿಮ್ಮ ಕಡೆ ಬರುವ ಬೆಳಕು 1490 ನ್ಯಾನೊಮೀಟರ್, ವಾಪಸ್ ಹೋಗುವುದು 1310. ಸಿಲಿಕಾನ್ ಇವೆರಡಕ್ಕೂ ಗಾಜಿನಂತೆ ಪಾರದರ್ಶಕ. ರಿಮೋಟಿನ ಮಿಣುಕನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದವರು ಫೈಬರಿನ ತುದಿಯನ್ನೂ ಹಾಗೇ ನೋಡಲು ಹೊರಡುತ್ತಾರೆ. ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ, ಹಾಗೆಂದು ಫೈಬರಿನಲ್ಲಿ ಬೆಳಕಿಲ್ಲ ಎಂದಲ್ಲ. ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. ಇಲ್ಲಿ ಬೇಕಿರುವುದು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಯೋಡ್, ಸಿಲಿಕಾನಿಗಿಂತ ಬಹಳ ದುಬಾರಿ. ಜರ್ಮೇನಿಯಂ ಕೂಡ ಈ ವ್ಯಾಪ್ತಿಗೆ ಬರುತ್ತದೆ, ಆದರೆ ಬ್ಯಾಂಡ್ ಗ್ಯಾಪ್ 0.66ಕ್ಕೆ ಇಳಿದಿರುವುದರಿಂದ ಕತ್ತಲಲ್ಲೂ ಸೋರುವ ಕರೆಂಟು ಜಾಸ್ತಿ. ಉದ್ದದ ತರಂಗಾಂತರ ಬೇಕೆಂದಷ್ಟೂ ಬ್ಯಾಂಡ್ ಗ್ಯಾಪ್ ಚಿಕ್ಕದಾಗಬೇಕು, ಚಿಕ್ಕದಾದಷ್ಟೂ ಬರೀ ಕೋಣೆಯ ಶಾಖಕ್ಕೇ ಎಲೆಕ್ಟ್ರಾನ್‌ಗಳು ಎದ್ದು ಬರುತ್ತವೆ. ದೂರದ ಇನ್‌ಫ್ರಾರೆಡ್ ನೋಡುವ ಅನೇಕ ಉಪಕರಣಗಳನ್ನು ತಂಪು ಮಾಡಿ ಇಡುವುದು ಅದಕ್ಕೇ.

ಮಿತಿಯ ಆಚೆ ಕಾಣದಿರುವುದು ಒಂದು ತೊಂದರೆಯಾದರೆ, ಬೇಡದ್ದನ್ನೂ ಕಾಣುವುದು ಇನ್ನೊಂದು. ಕೋಣೆಯ ಬೆಳಕನ್ನು ಲಕ್ಸ್‌ನಲ್ಲಿ ಅಳೆಯಲು ಬರಿಯ ಸಿಲಿಕಾನ್ ಫೋಟೋಡಯೋಡ್ ಹಾಕುವವರು ಇದರಲ್ಲಿ ಬೀಳುತ್ತಾರೆ. ಬಿಪಿಡಬ್ಲ್ಯು34 ಎಂಬ ಜನಪ್ರಿಯ ಡಯೋಡಿನ ಡೇಟಾಶೀಟಿನಲ್ಲಿ 1000 ಲಕ್ಸಿಗೆ ಸುಮಾರು 70 ಮೈಕ್ರೋಆಂಪಿಯರ್ ಎಂದಿದೆ. ಆದರೆ ಆ 1000 ಲಕ್ಸ್ ಬಂದಿರುವುದು ಫಿಲಮೆಂಟ್ ಬಲ್ಬಿನಂಥ ಪ್ರಮಾಣಿತ ಬೆಳಕಿನಿಂದ, ಅದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೇ ಬಹುಪಾಲು. ಲಕ್ಸ್ ಎನ್ನುವುದು ಕಣ್ಣಿನ ಅಳತೆ, ಇನ್‌ಫ್ರಾರೆಡ್ ಅದರ ಲೆಕ್ಕಕ್ಕಿಲ್ಲ. ಡಯೋಡಿಗಾದರೋ ಅದೇ ಇಷ್ಟ, ಅದರ ಸ್ಪಂದನೆಯ ತುದಿ ಇರುವುದೇ 900 ನ್ಯಾನೊಮೀಟರಿನಲ್ಲಿ. ಅದೇ 1000 ಲಕ್ಸನ್ನು ಬಿಳಿ ಎಲ್‌ಇಡಿ ಬಲ್ಬಿನಿಂದ ಕೊಟ್ಟರೆ, ನನ್ನ ಲೆಕ್ಕದಲ್ಲಿ 10 ಮೈಕ್ರೋಆಂಪಿಯರಿನ ಆಸುಪಾಸಿಗೆ ಇಳಿಯುತ್ತದೆ. ಬಲ್ಬ್ ಬದಲಾಯಿಸಿದ್ದಕ್ಕೇ ಮೀಟರ್ ಏಳೆಂಟು ಪಟ್ಟು ಸುಳ್ಳು ಹೇಳಿದಂತಾಯಿತು. ಲಕ್ಸ್ ಬೇಕಾದರೆ ಕಣ್ಣಿನ ಸ್ಪಂದನೆಗೆ ಹೊಂದಿಸಿದ ಫಿಲ್ಟರ್ ಇರುವ ಬಿಪಿಡಬ್ಲ್ಯು21 ತನ್ನಿ, ಅಥವಾ ಬಿಎಚ್1750ರಂಥ ಡಿಜಿಟಲ್ ಚಿಪ್ ಹಾಕಿ ಸುಮ್ಮನಾಗಿ. ಎರಡನೆಯದು ಎರಡು ತಂತಿಯಲ್ಲಿ ನೇರ ಲಕ್ಸ್ ಸಂಖ್ಯೆಯನ್ನೇ ಕೊಡುತ್ತದೆ. ಕೋಣೆಯ ಬೆಳಕು ಅಳೆಯುವುದಷ್ಟೇ ಕೆಲಸವಾದರೆ ಈ ಬರಹದ ಉಳಿದ ಭಾಗ ನಿಮಗೆ ಬೇಕಿಲ್ಲ.

ಗೇನ್ ಬಿಟ್ಟಿ ಬರುವುದಿಲ್ಲ

ಎಲ್‌ಡಿಆರ್‌ಗೆ ಆಂಪ್ಲಿಫೈಯರೇ ಬೇಕಾಗುವುದಿಲ್ಲ, ಒಂದು ರೆಸಿಸ್ಟರ್ ಸಾಕು. ಫೋಟೋಡಯೋಡಿಗೆ ಆಪ್ ಆಂಪ್ ಎಂಬ ಆಂಪ್ಲಿಫೈಯರ್ ಐಸಿ ಬೇಕು. ಹಾಗಾದರೆ ಎಲ್‌ಡಿಆರ್ ಹೆಚ್ಚು ಒಳ್ಳೆಯದಲ್ಲವೇ? ಇದನ್ನು ಬಿಡಿಸಿಕೊಂಡರೆ ಇಡೀ ಹೋಲಿಕೆ ಬಿಚ್ಚಿಕೊಳ್ಳುತ್ತದೆ.

ಎಲ್‌ಡಿಆರ್ ಮೇಲೆ ಫೋಟಾನ್ ಬಿದ್ದಾಗ ಒಂದು ಎಲೆಕ್ಟ್ರಾನ್, ಅದು ಬಿಟ್ಟುಹೋದ ಖಾಲಿ ಜಾಗವಾದ ಒಂದು ಹೋಲ್ ಹುಟ್ಟುತ್ತವೆ. ಹೋಲ್ ಹರಳಿನ ದೋಷವೊಂದರಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಎಲೆಕ್ಟ್ರಾನ್ ಓಡಿ ಒಂದು ತುದಿಯಿಂದ ಹೊರಬಿದ್ದೊಡನೆ, ಒಳಗಿನ ವಿದ್ಯುದಂಶ ಸಮನಾಗಿ ಉಳಿಯಬೇಕಾದ್ದರಿಂದ, ಇನ್ನೊಂದು ತುದಿಯಿಂದ ಮತ್ತೊಂದು ಎಲೆಕ್ಟ್ರಾನ್ ಒಳಬರುತ್ತದೆ. ಅದೂ ಓಡುತ್ತದೆ, ಮತ್ತೊಂದು ಬರುತ್ತದೆ. ಹೋಲ್ ಎದ್ದು ಹೋಗುವವರೆಗೂ ಇದೇ ನಡೆಯುತ್ತಿರುತ್ತದೆ. ಒಂದು ಫೋಟಾನಿಗೆ ನೂರಾರು, ಸಾವಿರಾರು ಎಲೆಕ್ಟ್ರಾನ್‌ಗಳ ಓಡಾಟ. ಈ ಹಿಗ್ಗುವಿಕೆಗೇ ಗೇನ್ ಎನ್ನುವುದು. ಅದು ಎಷ್ಟು ಎಂದರೆ, ಬಿಡುಗಡೆಯಾದ ವಿದ್ಯುದಂಶ ಬದುಕಿರುವ ಅವಧಿಯನ್ನು ಒಂದು ಸಲ ಆಚೆ ದಾಟಲು ಹಿಡಿಯುವ ಸಮಯದಿಂದ ಭಾಗಿಸಿದಷ್ಟು.

ಇಲ್ಲೇ ಬೆಲೆ ತೆರಬೇಕಾಗುವುದು. ಗೇನ್ ಹೆಚ್ಚಬೇಕಾದರೆ ಹೋಲ್ ಹೆಚ್ಚು ಹೊತ್ತು ಸಿಕ್ಕಿಕೊಂಡಿರಬೇಕು, ಸಿಕ್ಕಿಕೊಂಡಿರುವಷ್ಟು ಹೊತ್ತೂ ದೀಪ ಆರಿಸಿದರೂ ಕರೆಂಟು ನಿಲ್ಲದು. ಜಿಎಲ್5528 ಎಂಬ ಸಾಮಾನ್ಯ ಎಲ್‌ಡಿಆರ್‌ನ ಡೇಟಾಶೀಟಿನಲ್ಲಿ ಏರಲು 20 ಮಿಲಿಸೆಕೆಂಡ್, ಇಳಿಯಲು 30 ಎಂದಿರುತ್ತದೆ. ಪೂರ್ತಿ ಕತ್ತಲಿನ ರೋಧಕ್ಕೆ ಮರಳಲು ಇನ್ನೂ ಎಷ್ಟೋ ಹೊತ್ತು. ಹಿಂದಿನ ಗಂಟೆಯಲ್ಲಿ ಬಿಸಿಲಲ್ಲಿತ್ತೋ ಕಪಾಟಿನಲ್ಲಿತ್ತೋ ಎಂಬುದೂ ಈಗಿನ ಓದನ್ನು ಸ್ವಲ್ಪ ಬದಲಿಸುತ್ತದೆ. ಒಂದೇ ಪ್ಯಾಕೆಟಿನ ಎರಡು ತುಂಡುಗಳೂ ಒಂದೇ ಸಮ ಇರುವುದಿಲ್ಲ: 10 ಲಕ್ಸ್‌ನಲ್ಲಿ 10ರಿಂದ 20 ಕಿಲೋಓಮ್ ಎಂದೇ ತಯಾರಕರು ಬರೆಯುತ್ತಾರೆ, ಅಂದರೆ ಇಮ್ಮಡಿ ವ್ಯತ್ಯಾಸಕ್ಕೆ ಅವರೇ ಸಹಿ ಹಾಕಿದಂತೆ.

ಇಷ್ಟೆಲ್ಲ ಹೇಳಿದ ಮೇಲೂ, ಸಂಜೆಯಾದರೆ ಹೊತ್ತಿಕೊಳ್ಳುವ ಅಂಗಳದ ದೀಪಕ್ಕೆ ನಾನು ಕಣ್ಣುಮುಚ್ಚಿ ಎಲ್‌ಡಿಆರನ್ನೇ ಹಾಕುತ್ತೇನೆ. ಅದರ ಸ್ಪಂದನೆ ಕಣ್ಣಿಗೆ ಹತ್ತಿರ. ಬೆಳಕು ಹತ್ತು ಪಟ್ಟು ಹೆಚ್ಚಿದರೆ ರೋಧ ನಾಲ್ಕೈದರಲ್ಲಿ ಒಂದು ಭಾಗಕ್ಕೆ ಮಾತ್ರ ಇಳಿಯುವುದರಿಂದ ಬೆಳದಿಂಗಳಿನಿಂದ ಮಧ್ಯಾಹ್ನದವರೆಗಿನ ವ್ಯಾಪ್ತಿ ಒಂದೇ ರೆಸಿಸ್ಟರಿನಲ್ಲಿ ಮುಗಿಯುತ್ತದೆ. ಮಂದಗತಿಯೂ ಇಲ್ಲಿ ಉಪಕಾರಿ, ಹಾದುಹೋಗುವ ಬೈಕಿನ ಹೆಡ್‌ಲೈಟಿಗೆ ಗಾಬರಿಯಾಗುವುದು ಕಡಿಮೆ. ಒಂದೇ ಎಚ್ಚರಿಕೆ: ಒಳಗಿರುವುದು ಕ್ಯಾಡ್ಮಿಯಂ. ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುವ ಯುರೋಪಿನ ಆರ್‌ಒಎಚ್‌ಎಸ್ ನಿಯಮದಲ್ಲಿ ಅದರ ಮಿತಿ ಶೇ. 0.01. ಮಾರಾಟಕ್ಕೆ, ಅದರಲ್ಲೂ ರಫ್ತಿಗೆ ಏನಾದರೂ ಮಾಡುವವರು ಮೊದಲ ದಿನವೇ ಬೇರೆ ದಾರಿ ನೋಡಿಕೊಳ್ಳಬೇಕು.

ಫೋಟೋಡಯೋಡ್: ಒಂದಕ್ಕೆ ಒಂದು, ಆದರೆ ಪ್ರಾಮಾಣಿಕ

ಡಯೋಡಿನಲ್ಲಿ ಜಂಕ್ಷನ್ನಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಒಂದು ಕಡೆ, ಹೋಲನ್ನು ಇನ್ನೊಂದು ಕಡೆ ಎಳೆದು ಹಾಕುತ್ತದೆ. ಸಿಕ್ಕಿಕೊಳ್ಳುವುದಿಲ್ಲ, ಮತ್ತೆ ಬರುವುದಿಲ್ಲ. ಒಂದು ಫೋಟಾನಿಗೆ ಹೆಚ್ಚೆಂದರೆ ಒಂದು ಎಲೆಕ್ಟ್ರಾನ್. ಗೇನ್ ಇಲ್ಲದ್ದರಿಂದಲೇ ವೇಗ ಇದೆ, ಲೆಕ್ಕವೂ ಸರಳ: ಒಂದು ವ್ಯಾಟ್ ಬೆಳಕಿಗೆ ಬರಬಹುದಾದ ಆಂಪಿಯರ್ ಎಂದರೆ ನ್ಯಾನೊಮೀಟರಿನ ತರಂಗಾಂತರವನ್ನು 1240ರಿಂದ ಭಾಗಿಸಿದಷ್ಟು, ಅದಕ್ಕಿಂತ ಹೆಚ್ಚಿಲ್ಲ. 650 ನ್ಯಾನೊಮೀಟರಿನ ಕೆಂಪು ಲೇಸರಿಗೆ 0.52 ಗರಿಷ್ಠ. ಪ್ರತಿಫಲನ, ನಷ್ಟ ಎಲ್ಲ ಕಳೆದು 0.4ರ ಹತ್ತಿರ ಸಿಗುತ್ತದೆ. 1 ಮಿಲಿವ್ಯಾಟ್ ಲೇಸರ್ ಪಾಯಿಂಟರನ್ನು ಡಯೋಡಿಗೆ ನೇರ ಬಿಟ್ಟರೆ ಸಾಮಾನ್ಯ ಮಲ್ಟಿಮೀಟರಿನಲ್ಲೇ 0.4 ಮಿಲಿಆಂಪಿಯರ್ ಕಾಣಬಹುದು, ಬ್ಯಾಟರಿಯೂ ಬೇಡ. ಬೆಳಕು ಸಾವಿರದಲ್ಲಿ ಒಂದು ಭಾಗವಾದರೆ ಕರೆಂಟೂ ಸಾವಿರದಲ್ಲಿ ಒಂದು ಭಾಗ. ಈ ಸರಳರೇಖೆ ಹತ್ತು ಲಕ್ಷದಿಂದ ಕೋಟಿ ಪಟ್ಟಿನಷ್ಟು ವ್ಯಾಪ್ತಿಯಲ್ಲಿ ಕೆಡುವುದಿಲ್ಲ. ಅಳತೆ ಎಂಬ ಮಾತು ಬಂದಲ್ಲೆಲ್ಲ ನಾನು ಡಯೋಡಿನ ಪಕ್ಷ.

ಬಿಪಿಡಬ್ಲ್ಯು34 ಪಿಐಎನ್ ಜಾತಿಯದು. ಸಿಲಿಕಾನ್ ಬೆಳಕನ್ನು ಹೀರುವುದರಲ್ಲಿ ಸ್ವಲ್ಪ ಸೋಮಾರಿ. 400 ನ್ಯಾನೊಮೀಟರಿನ ನೇರಳೆ ಮೇಲ್ಮೈಯಲ್ಲೇ ಮುಗಿದುಹೋದರೆ, 900ರ ಇನ್‌ಫ್ರಾರೆಡ್ ಸುಮಾರು 30 ಮೈಕ್ರಾನ್ ಒಳಗಿಳಿಯುತ್ತದೆ. ಅಷ್ಟು ಆಳದವರೆಗೆ ವಿದ್ಯುತ್ ಕ್ಷೇತ್ರ ಇರಲೆಂದು ಪಿ ಮತ್ತು ಎನ್ ಪದರಗಳ ನಡುವೆ ಶುದ್ಧ ಸಿಲಿಕಾನಿನ ದಪ್ಪ ಪದರ ಇಟ್ಟಿರುತ್ತಾರೆ. ಪದರ ದಪ್ಪವಾದಷ್ಟೂ ಕೆಪ್ಯಾಸಿಟನ್ಸ್ ಕಡಿಮೆಯಾಗುವುದು ಅದರ ಜೊತೆಗೆ ಬಂದ ಲಾಭ. ವೋಲ್ಟೇಜ್ ಇಲ್ಲದಾಗ 70 ಪಿಕೋಫ್ಯಾರಡ್ ಇರುವುದು 3 ವೋಲ್ಟ್ ರಿವರ್ಸ್, ಅಂದರೆ ಉಲ್ಟಾ ದಿಕ್ಕಿನಲ್ಲಿ, ಕೊಟ್ಟರೆ 25ಕ್ಕೆ ಇಳಿಯುತ್ತದೆ.

ಈ ಕೆಪ್ಯಾಸಿಟನ್ಸನ್ನು ಮರೆತವರೇ ‘ಫೋಟೋಡಯೋಡೂ ಸ್ಲೋ’ ಎನ್ನುತ್ತಾರೆ. ಡೇಟಾಶೀಟಿನಲ್ಲಿ 100 ನ್ಯಾನೊಸೆಕೆಂಡ್ ಎಂದಿರುವುದು 10 ವೋಲ್ಟ್ ರಿವರ್ಸ್, 1 ಕಿಲೋಓಮ್ ಲೋಡಿಗೆ. ಸಿಗ್ನಲ್ ದೊಡ್ಡದು ಬರಲೆಂದು ಸರಣಿಯಲ್ಲಿ 1 ಮೆಗಾಓಮ್ ಹಾಕಿದರೆ 25 ಪಿಕೋಫ್ಯಾರಡ್ ತುಂಬಲೇ 55 ಮೈಕ್ರೋಸೆಕೆಂಡ್ ಬೇಕು, ರಿವರ್ಸ್ ವೋಲ್ಟೇಜೂ ಇಲ್ಲದಿದ್ದರೆ 150ರ ಮೇಲೆ. ಡಯೋಡನ್ನು ಆಪ್ ಆಂಪಿನ ಇನ್‌ಪುಟ್ಟಿಗೆ ಕೊಟ್ಟು ಆ ಮೆಗಾಓಮನ್ನು ಫೀಡ್‌ಬ್ಯಾಕಿನಲ್ಲಿ ಇಡಿ. ಆಗ ಡಯೋಡಿನ ಎರಡು ತುದಿಗಳ ನಡುವೆ ವೋಲ್ಟೇಜ್ ಬದಲಾಗುವುದೇ ಇಲ್ಲ, ಕೆಪ್ಯಾಸಿಟರ್ ತುಂಬುವ ಪ್ರಶ್ನೆಯೂ ಅಷ್ಟಾಗಿ ಏಳದು. ಟ್ರಾನ್ಸ್‌ಇಂಪಿಡೆನ್ಸ್ ಆಂಪ್ಲಿಫೈಯರ್ ಎಂಬ ಉದ್ದ ಹೆಸರು ಕೇಳಿ ಹೆದರುವವರು ಬಹಳ. ಇರುವುದು ಒಂದು ಐಸಿ, ಒಂದು ರೆಸಿಸ್ಟರ್, ಅದು ಆಂದೋಲನಕ್ಕೆ ಬೀಳದಂತೆ ಒಂದು ಸಣ್ಣ ಕೆಪ್ಯಾಸಿಟರ್.

ಯಾವ ಐಸಿ ಎನ್ನುವುದು ಮಾತ್ರ ಮುಖ್ಯ. ಡಬ್ಬದಲ್ಲಿ ಸದಾ ಇರುವ ಎಲ್‌ಎಂ358ರ ಇನ್‌ಪುಟ್ ಹೀರುವ ಕರೆಂಟೇ ಹತ್ತಾರು ನ್ಯಾನೊಆಂಪಿಯರ್. ಮಂದ ಬೆಳಕಿನಲ್ಲಿ ಡಯೋಡ್ ಕೊಡುವುದೂ ಅಷ್ಟೇ, ಹಾಗಾಗಿ ಎಲ್ಲಿ ಬೆಳಕು, ಎಲ್ಲಿ ಐಸಿಯ ಸೋರಿಕೆ ಎಂದು ಬೇರ್ಪಡಿಸಲಾಗದು. ಸಿಎ3140 ಅಥವಾ ಎಂಸಿಪಿ6001 ಥರದ, ಪಿಕೋಆಂಪಿಯರ್ ಲೆಕ್ಕದ ಇನ್‌ಪುಟ್ ಇರುವುದನ್ನು ಹಾಕಿ. ಡಯೋಡಿನ ಸ್ವಂತ ಕತ್ತಲೆ ಕರೆಂಟು 10 ವೋಲ್ಟ್‌ನಲ್ಲಿ 2 ನ್ಯಾನೊಆಂಪಿಯರಿನಷ್ಟು, ಉಷ್ಣಾಂಶ 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವೇಗಕ್ಕಿಂತ ನಿಖರತೆ ಬೇಕಿದ್ದರೆ ರಿವರ್ಸ್ ವೋಲ್ಟೇಜ್ ಕೊಡದೆ ಸೊನ್ನೆಯಲ್ಲೇ ಬಳಸಿ.

ಆಸಿಲೋಸ್ಕೋಪ್ ಇದ್ದರೆ ಒಂದು ಸಲ ಇದನ್ನು ಮಾಡಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಎಲ್‌ಡಿಆರ್ ಮತ್ತು ಡಯೋಡ್ ಎರಡನ್ನೂ ಪಕ್ಕಪಕ್ಕ ಇಡಿ. ಡಯೋಡಿನ ಗೆರೆ ಸೆಕೆಂಡಿಗೆ 100 ಸಲ ಚೂಪಾಗಿ ಏರಿಳಿಯುತ್ತದೆ, ಮೇನ್ಸ್ 50 ಹರ್ಟ್ಜ್ ಆದ್ದರಿಂದ ಮಿಣುಕು ಅದರ ಎರಡು ಪಟ್ಟು. ಎಲ್‌ಡಿಆರ್‌ನ ಗೆರೆಯಲ್ಲಿ ಅದೇ ಏರಿಳಿತ ಸವೆದು ಸಣ್ಣ ಅಲೆಯಾಗಿರುತ್ತದೆ. ಡಯೋಡಿನ ಕಡೆ ಕಾಣುವುದು ಬಲ್ಬಿನ ನಿಜರೂಪ. ನಾಡಿ ನೋಡುವ ಸರ್ಕ್ಯೂಟಿಗೆ ಟ್ಯೂಬ್‌ಲೈಟ್, ಬಲ್ಬುಗಳ ಕಾಟ ಎಲ್ಲಿಂದ ಬರುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಫೋಟೋಟ್ರಾನ್ಸಿಸ್ಟರ್ ಮತ್ತು ಅದರ ಸಂಸಾರ

ಟ್ರಾನ್ಸಿಸ್ಟರಿನ ಬೇಸಿಗೆ ಕರೆಂಟಿನ ಬದಲು ಬೆಳಕು ಕೊಟ್ಟರೆ ಅದೇ ಫೋಟೋಟ್ರಾನ್ಸಿಸ್ಟರ್. ಒಳಗಿನ ಡಯೋಡಿನ ಕರೆಂಟು ನೂರಾರು ಪಟ್ಟಾಗಿ ಹೊರಬರುತ್ತದೆ. ಬೆಲೆ ತೆರುವ ಜಾಗ ಇಲ್ಲಿ ಬೇರೆ: ಕಲೆಕ್ಟರ್ ಮತ್ತು ಬೇಸ್ ನಡುವಿನ ಕೆಪ್ಯಾಸಿಟನ್ಸೂ ಅದೇ ಗೇನಿನಿಂದ ಗುಣಿಸಿದಂತೆ ವರ್ತಿಸುತ್ತದೆ. ಸಣ್ಣ ಲೋಡಿಗೆ ಕೆಲವು ಮೈಕ್ರೋಸೆಕೆಂಡಿನಿಂದ ಹತ್ತಾರು, ಲೋಡ್ ಹೆಚ್ಚಿಸಿದರೆ ನೂರರ ಮೇಲೆ. ಗೇನ್ ತುಂಡಿನಿಂದ ತುಂಡಿಗೆ, ಉಷ್ಣಾಂಶಕ್ಕೆ, ಕರೆಂಟಿಗೆ ತಕ್ಕಂತೆ ಬದಲಾಗುವುದರಿಂದ ಅಳತೆಗೆ ಆಗದು. ಇದೆಯೋ ಇಲ್ಲವೋ, ಕಪ್ಪೋ ಬಿಳಿಯೋ ಎಂಬ ಕೆಲಸಕ್ಕೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಗೆರೆ ಹಿಡಿದು ಓಡುವ ರೋಬೋಟಿಗೆ ಟಿಸಿಆರ್‌ಟಿ5000 ಸಾಕು, 950 ನ್ಯಾನೊಮೀಟರಿನ ಎಲ್‌ಇಡಿಯೂ ಟ್ರಾನ್ಸಿಸ್ಟರೂ ಒಂದೇ ಗೂಡಿನಲ್ಲಿವೆ. ಅದು ಚೆನ್ನಾಗಿ ಕೆಲಸ ಮಾಡುವುದು ನೆಲಕ್ಕೆ 2.5 ಮಿಲಿಮೀಟರ್ ಹತ್ತಿರವಿದ್ದಾಗ. ಎರಡು ಸೆಂಟಿಮೀಟರ್ ಮೇಲೆ ಕೂರಿಸಿ ರೋಬೋಟ್ ದಾರಿ ತಪ್ಪುತ್ತಿದೆ ಎಂದು ಕೋಡ್ ತಿದ್ದುವವರಿಗೆ ಏನು ಹೇಳುವುದು.

ಟ್ರಾನ್ಸಿಸ್ಟರ್, ಡಯೋಡುಗಳ ವ್ಯತ್ಯಾಸವನ್ನು ಒಂದೇ ಕಪಾಟಿನಲ್ಲಿ ನೋಡಬೇಕಾದರೆ, ಎರಡು ಸರ್ಕ್ಯೂಟುಗಳ ನಡುವೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ತೆಗೆಯಿರಿ. ಪಿಸಿ817ರ ಒಳಗೆ ಫೋಟೋಟ್ರಾನ್ಸಿಸ್ಟರ್ ಇದೆ, ಮೊಬೈಲ್ ಚಾರ್ಜರಿನ ಫೀಡ್‌ಬ್ಯಾಕಿಗೆ ಸರಿ, ವೇಗದ ಡೇಟಾಕ್ಕೆ ಅಲ್ಲ. 6ಎನ್137ರಲ್ಲಿ ಫೋಟೋಡಯೋಡ್, ಅದರ ಹಿಂದೆ ಬೇರೆಯಾಗಿ ಆಂಪ್ಲಿಫೈಯರ್, ಸೆಕೆಂಡಿಗೆ 1 ಕೋಟಿ ಬಿಟ್ ದಾಟಿಸುತ್ತದೆ. ಬೆಳಕು ಹಿಡಿಯುವ ಕೆಲಸವನ್ನೂ ಹಿಗ್ಗಿಸುವ ಕೆಲಸವನ್ನೂ ಒಂದೇ ಜಂಕ್ಷನ್ನಿಗೆ ಹೊರಿಸದಿದ್ದರೆ ಸಿಗುವ ಲಾಭ ಅಷ್ಟು.

ರಿಮೋಟ್ ಸಿಗ್ನಲ್ಲಿಗೆ ಮೇಲಿನ ಯಾವುದೂ ಬೇಡ, ಟಿಎಸ್‌ಒಪಿ ಮಾದರಿಯ ರಿಸೀವರ್ ತನ್ನಿ. ಡಯೋಡ್, ಆಂಪ್ಲಿಫೈಯರ್, 38 ಕಿಲೋಹರ್ಟ್ಜ್ ಫಿಲ್ಟರ್ ಎಲ್ಲ ಒಂದೇ ಕಪ್ಪು ಗುಳಿಗೆಯಲ್ಲಿ. ಆದರೆ ಬಾಗಿಲಿಗೆ ಅಡ್ಡ ಇನ್‌ಫ್ರಾರೆಡ್ ಕಿರಣ ಹಾಯಿಸಿ ಯಾರಾದರೂ ದಾಟಿದರೆ ಗಂಟೆ ಬಾರಿಸುವ ಕೆಲಸಕ್ಕೆ ಇದನ್ನು ಹಾಕಿ, ಬಿಡದೆ 38 ಕಿಲೋಹರ್ಟ್ಜ್ ಕಳಿಸುತ್ತಿದ್ದರೆ ಅದು ಸ್ವಲ್ಪ ಹೊತ್ತಿಗೆ ಕಿವುಡಾಗುತ್ತದೆ. ನಿಲ್ಲದ ಸಿಗ್ನಲ್ಲನ್ನು ಗಲಾಟೆ ಎಂದು ತಿಳಿದು ತನ್ನ ಗೇನನ್ನು ತಾನೇ ತಗ್ಗಿಸಿಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ತುಂಡುತುಂಡಾಗಿ, ನಡುವೆ ಬಿಡುವು ಕೊಟ್ಟು ಕಳಿಸಿ.

ಗೇನೂ ಬೇಕು, ವೇಗವೂ ಬೇಕು ಎನ್ನುವವರಿಗೆ

ದಾರಿ ಇದೆ, ವೋಲ್ಟೇಜಿನಲ್ಲಿ ತೆರಬೇಕು. ಅವಲಾಂಚ್ ಫೋಟೋಡಯೋಡಿನಲ್ಲಿ ರಿವರ್ಸ್ ವೋಲ್ಟೇಜನ್ನು ನೂರು, ಇನ್ನೂರು ವೋಲ್ಟಿಗೆ ಏರಿಸಿದಾಗ ಓಡುವ ಎಲೆಕ್ಟ್ರಾನ್ ಹರಳಿಗೆ ಡಿಕ್ಕಿ ಹೊಡೆದು ಹೊಸ ಜೋಡಿಗಳನ್ನು ಎಬ್ಬಿಸುತ್ತದೆ. ನೂರರ ಆಸುಪಾಸಿನ ಗೇನ್, ನ್ಯಾನೊಸೆಕೆಂಡಿನ ವೇಗ. ಒಂದೊಂದು ಎಲೆಕ್ಟ್ರಾನ್ ಎಷ್ಟೆಷ್ಟು ಜೋಡಿ ಎಬ್ಬಿಸುತ್ತದೆ ಎಂಬುದಕ್ಕೆ ನಿಯಮವಿಲ್ಲದ್ದರಿಂದ ಸಿಗ್ನಲ್ಲಿನಲ್ಲಿ ಗದ್ದಲವೂ (ನಾಯ್ಸ್) ಹೆಚ್ಚು. ಲೇಸರ್ ದೂರಮಾಪಕಗಳಲ್ಲಿ ಇದಿದೆ. ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ 30 ವೋಲ್ಟಿನ ಹತ್ತಿರವೇ ಲಕ್ಷದಿಂದ ಹತ್ತು ಲಕ್ಷ ಪಟ್ಟು ಕೊಡುತ್ತದೆ, ಒಂಟಿ ಫೋಟಾನ್ ಎಣಿಸಬಹುದು.

ಹಳೆಯ ಗಾಜಿನ ಫೋಟೋಮಲ್ಟಿಪ್ಲೈಯರ್ ಟ್ಯೂಬಿಗೆ ಸಾವಿರ ವೋಲ್ಟ್ ಬೇಕು, ಅಲುಗಾಡಿಸುವಂತಿಲ್ಲ, ವೋಲ್ಟೇಜ್ ಇರುವಾಗ ಕೋಣೆಯ ಬೆಳಕಿಗೆ ತೆರೆದರೆ ಕೆಡುತ್ತದೆ. ಆದರೂ ದೊಡ್ಡ ವಿಸ್ತಾರದಿಂದ ಚೂರು ಬೆಳಕು ಬಾಚಬೇಕಾದಲ್ಲಿ ಇಂದಿಗೂ ಅದೇ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿದಾಗ ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರಿನ ಮಿಂಚನ್ನು ಕಂಡದ್ದು ಇಂಥ ಟ್ಯೂಬುಗಳೇ. ಲಡಾಖಿನ ಹಾನ್ಲೆಯಲ್ಲಿರುವ ಮೇಸ್ ಗಾಮಾ ದೂರದರ್ಶಕದ ಕ್ಯಾಮೆರಾದಲ್ಲಿ ಅಂಥವು 1088 ಇವೆ. ಕಾಲೇಜು ಪ್ರಾಜೆಕ್ಟಿಗೆ ಯಾರಾದರೂ ಹಳೆಯ ಟ್ಯೂಬ್ ಕೊಡುತ್ತೇನೆಂದರೆ ಹೈ ವೋಲ್ಟೇಜ್ ಬಲ್ಲವರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ.

ಏನೂ ಕೊಳ್ಳದೆ ನೋಡುವ ಇನ್ನೊಂದು ಆಯ್ಕೆ ನಿಮ್ಮ ಡಬ್ಬದಲ್ಲೇ ಇದೆ. ಎಲ್‌ಇಡಿಯೂ ಒಂದು ಜಂಕ್ಷನ್ ತಾನೆ, ತಾನು ಬಿಡುವ ಬಣ್ಣಕ್ಕಿಂತ ಸ್ವಲ್ಪ ಚಿಕ್ಕ ತರಂಗಾಂತರಕ್ಕೆ ಅದು ಕರೆಂಟು ಕೊಡುತ್ತದೆ. ಕೆಂಪು ಎಲ್‌ಇಡಿಯನ್ನು ಆಪ್ ಆಂಪಿಗೆ ಕೊಟ್ಟರೆ ಇನ್‌ಫ್ರಾರೆಡ್ಡಿಗೆ ಕುರುಡಾದ, ಫಿಲ್ಟರ್ ಬೇಡದ ಡಿಟೆಕ್ಟರ್ ಸಿಕ್ಕಿತು. ಕರೆಂಟು ತೀರಾ ಕಡಿಮೆ, ಆದರೆ ಬಿಸಿಲಿನ ಬೇರೆಬೇರೆ ಬಣ್ಣದ ಪಟ್ಟಿಗಳನ್ನು ಹೋಲಿಸುವ ಪ್ರಯೋಗಕ್ಕೆ ಚೆನ್ನಾಗಿ ಒದಗುತ್ತದೆ.

ಕೊನೆಗೆ, ಅಂಗಡಿಯಲ್ಲಿ ಹೇಗೆ ಕೇಳುವುದು. ಬರಿ ‘ಫೋಟೋಡಯೋಡ್’ ಎಂದರೆ ಕಪ್ಪು ಬಣ್ಣದ್ದೂ ಬರಬಹುದು, ನೀರಿನಂತೆ ತಿಳಿಯಾದದ್ದೂ ಬರಬಹುದು. ಕಪ್ಪು ಪ್ಲಾಸ್ಟಿಕ್ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ಡನ್ನಷ್ಟೇ ಬಿಡುತ್ತದೆ. ಬಿಪಿಡಬ್ಲ್ಯು34 ತಿಳಿಯಾದದ್ದು, ಅದರ ಹೆಸರಿನ ತುದಿಗೆ ಎಫ್ ಅಕ್ಷರ ಸೇರಿದ್ದು ಕಪ್ಪು. ಕೆಂಪು ಲೇಸರಿನ ಅಲಾರಂ ಮಾಡುವವರು ಕಪ್ಪು ತಂದರೆ ಮೊದಲಿಗೇ ಸೋಲು. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಕಿರಣ ಹಿಡಿಯುವವರು ತಿಳಿಯಾದದ್ದು ತಂದರೆ ಸೂರ್ಯನ ಬೆಳಕೇ ಸರ್ಕ್ಯೂಟನ್ನು ತುಂಬಿಬಿಡುತ್ತದೆ. ಕಪ್ಪಿನಲ್ಲೂ ಸೂರ್ಯನ ಇನ್‌ಫ್ರಾರೆಡ್ ಪಾಲು ಒಳಬರುವುದರಿಂದ, ಕಿರಣವನ್ನು ಮಿಣುಕಿಸಿ ಆ ಮಿಣುಕನ್ನಷ್ಟೇ ಹಿಗ್ಗಿಸುವಂತೆ ಆಂಪ್ಲಿಫೈಯರಿಗೆ ಮುಂಚೆ ಒಂದು ಕೆಪ್ಯಾಸಿಟರ್ ಇಡುವುದನ್ನು ಮರೆಯಬೇಡಿ.